28 ದಿನಗಳ ನೀತಿಶಾಸ್ತ್ರ

ತತ್ವಜ್ಞಾನಿ ಪೀಟರ್ ಸಿಂಗರ್ 2024ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ನಿವೃತ್ತರಾದಾಗ ಶುರುವಾದ ಹೊಗಳಿಕೆಯ ಜಾತ್ರೆ ಇನ್ನೂ ಮುಗಿದಿಲ್ಲ. ಪ್ರಾಣಿಗಳಿಗೆ ದನಿಯಾದವರಂತೆ, ಬಡವರಿಗಾಗಿ ಮಿಡಿದವರಂತೆ, ಕಾಲು ಶತಮಾನ ಒಂದೇ ಪೀಠದಲ್ಲಿ ಕೂತು ಜಗತ್ತಿನ ಸಾಕ್ಷಿಪ್ರಜ್ಞೆಯನ್ನು ಕಾದವರಂತೆ. ಹೌದು ಸ್ವಾಮಿ, 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಸಾಯುತ್ತಿದ್ದಾಗ ಶ್ರೀಮಂತ ದೇಶಗಳ ಮುಖಕ್ಕೆ ಕನ್ನಡಿ ಹಿಡಿದವರು ಇವರೇ. ಅಲ್ಲ ಎಂದವರ್ಯಾರು? ಆದರೆ 28 ದಿನಗಳ ಮಾತು ಬಂದರೆ ಮಾತ್ರ ಅಭಿನಂದನಾ ಭಾಷಣಕಾರರಿಗೆ ಕೆಮ್ಮು.

1985ರಲ್ಲಿ ಹೆಲ್ಗಾ ಕುಹ್ಸೆ ಜೊತೆ ಬರೆದ ಪುಸ್ತಕದಲ್ಲಿ ಸಿಂಗರ್ ಒಂದು ಸಲಹೆ ಕೊಟ್ಟಿದ್ದರು: ಹುಟ್ಟಿದ ಮಗುವಿಗೂ ಉಳಿದವರಷ್ಟೇ ಬದುಕುವ ಹಕ್ಕಿದೆ ಎಂದು ಒಪ್ಪುವ ಮುನ್ನ 28 ದಿನಗಳ ಅವಕಾಶವಿರಲಿ. ತೀವ್ರ ಅಂಗವೈಕಲ್ಯದ ಕೂಸಾದರೆ ಅಷ್ಟರೊಳಗೆ ತೀರ್ಮಾನಿಸಿಬಿಡಬಹುದು. ನಮ್ಮಲ್ಲಿ ಹನ್ನೊಂದಕ್ಕೋ ಹನ್ನೆರಡಕ್ಕೋ ತೊಟ್ಟಿಲ ಶಾಸ್ತ್ರ ಮುಗಿದು, ಸೋದರತ್ತೆ ಕಿವಿಯಲ್ಲಿ ಹೆಸರು ಕೂಗಿರುತ್ತಾಳೆ. ಪ್ರೊಫೆಸರರ ಲೆಕ್ಕದಲ್ಲಿ ಅದಿನ್ನೂ ವಿಲೇವಾರಿಯಾಗದ ಅರ್ಜಿ! ಮುಂದೆ ಆ ಗಡುವನ್ನು ಅವರೇ ಕೈಬಿಟ್ಟರಲ್ಲ ಎನ್ನುತ್ತಾರೆ ಅಭಿಮಾನಿಗಳು. ಗಡುವು ಬಿಟ್ಟರು, ವಾದ ಬಿಟ್ಟರೇ?

1979ರ ‘ಪ್ರಾಕ್ಟಿಕಲ್ ಎಥಿಕ್ಸ್’ನಲ್ಲಿ ಅವರು ಆರಿಸಿಕೊಂಡ ಉದಾಹರಣೆ ಕುಸುಮರೋಗದ, ಅಂದರೆ ಹಿಮೋಫಿಲಿಯಾದ, ಕೂಸು. ಅದನ್ನು ಕೊಂದು, ಅದರ ಬದಲಿಗೆ ಆರೋಗ್ಯವಂತ ಮಗುವನ್ನು ಹೆತ್ತರೆ, ಬೇರೆಯವರಿಗೆ ತೊಂದರೆಯಾಗದಿದ್ದರೆ, ಒಟ್ಟು ಸುಖದ ಲೆಕ್ಕದಲ್ಲಿ ಅದು ಸರಿಯೇ ಅಂತೆ. ತೂತು ಬಿದ್ದ ಬಿಂದಿಗೆ ಕೊಟ್ಟು ಹೊಸದು ತಂದ ಹಾಗೆ. ಈ ಲೆಕ್ಕವನ್ನು ದಾವಣಗೆರೆಗೆ ಬಂದು ಒಪ್ಪಿಸಲಿ ನೋಡೋಣ. ಅಲ್ಲಿ ಕುಸುಮರೋಗಿಗಳಿಗಾಗಿ ಸೊಸೈಟಿ ಕಟ್ಟಿದ ವೈದ್ಯರಿಗೇ ಕುಸುಮರೋಗವಿದೆ. ಬಿಂದಿಗೆಯೇ ಊರಿಗೆ ನೀರು ಕೊಡುತ್ತಿದೆ.

ನಮ್ಮ ಕೆಲವು ಸಸ್ಯಾಹಾರಿ ಪಂಡಿತರಿಗಂತೂ ಸಿಂಗರ್ ಹೊಸ ಕುಲದೇವರು. 1975ರ ‘ಆನಿಮಲ್ ಲಿಬರೇಷನ್’ ಹಿಡಿದು ಬಾಡೂಟ ಉಣ್ಣುವವರಿಗೆ ಪಾಠ ಹೇಳುತ್ತಾರೆ. ಇವರ ತಟ್ಟೆಯ ಮಡಿಗೂ ಆ ಪುಸ್ತಕಕ್ಕೂ ಎಲ್ಲಿಯ ನಂಟು? ಹಾಲಿನ ಉದ್ಯಮವನ್ನೂ ಅದು ಜಾಡಿಸಿದೆ. ಆ ಪುಟ ಬಂದಾಗ ಇವರು ತುಪ್ಪ ಬಡಿಸಿಕೊಳ್ಳುತ್ತಿದ್ದರೇನೋ. ಅಂಗವಿಕಲ ಮಗು ಹುಟ್ಟಿದರೆ ಹಿಂದಿನ ಜನ್ಮದ ಪಾಪ ಎಂದು ಗೊಣಗುವ ಬಾಯಿಗಳೂ ಇವೇ. ಪ್ರಿನ್ಸ್‌ಟನ್ನಿನ ಲೆಕ್ಕ ಇವರಿಗೆ ರುಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

1999ರಲ್ಲಿ ಸಿಂಗರ್ ಅಲ್ಲಿಗೆ ಬಂದಾಗ ಗಾಲಿಕುರ್ಚಿಯವರು ಬಾಗಿಲಲ್ಲಿ ಪ್ರತಿಭಟಿಸಿದರು. ವಾದಕ್ಕೆ ವಾದದಿಂದ ಉತ್ತರ ಕೊಡಿ, ಭಾವುಕರಾಗಬೇಡಿ ಎಂಬ ಉಪದೇಶ ಬಂತು. ಸರಿ, 2002ರಲ್ಲಿ ವಾದಕ್ಕೇ ಬಂದರು ಹ್ಯಾರಿಯೆಟ್ ಮ್ಯಾಕ್‌ಬ್ರೈಡ್ ಜಾನ್ಸನ್. ಹುಟ್ಟಿನಿಂದಲೇ ಸ್ನಾಯುರೋಗ, ವೃತ್ತಿಯಲ್ಲಿ ವಕೀಲೆ. ನಿನ್ನಂಥವರನ್ನು ಕೂಸಾಗಿದ್ದಾಗಲೇ ಕೊಲ್ಲುವ ಆಯ್ಕೆ ಹೆತ್ತವರಿಗಿರಬೇಕು ಎನ್ನುವವರ ಎದುರು ಕೂತು, ಕಿರುಚದೆ, ಒಂದೊಂದೇ ಎಳೆ ಬಿಡಿಸಿ ಉತ್ತರ ಕೊಟ್ಟರು. ಅವತ್ತು ಸಿಂಗರ್ ಎಷ್ಟು ಸಭ್ಯವಾಗಿ ನಡೆದುಕೊಂಡರೆಂದು ಜನ ಇವತ್ತಿಗೂ ಮೆಚ್ಚುತ್ತಾರೆ.

ಸಿಂಗರ್!