ಗಿಲೀಟಿನ ಕಿರೀಟಕ್ಕೂ ಮರ್ಯಾದೆ ಇರಲಿ

ನನ್ನ ಸೆರಗಿನ ಕಿರೀಟದಾಕಾರದ ಪಿನ್ ನೋಡಿ ನಾದಿನಿ, "ಗಿಲೀಟಿಗೆ ಇಷ್ಟು ದುಡ್ಡು ಸುರಿದ್ರಾ ಅತ್ತಿಗೆ?" ಎಂದಳು. ಸುರಿದೆ, ಲೋಹಕ್ಕಲ್ಲ, ಕಸುಬಿಗೆ.

ಅಮೆರಿಕದ ಟ್ರಿಫಾರಿ ಕಂಪನಿಗೆ ಇಂಥ ಕಿರೀಟಗಳನ್ನು ರೂಪಿಸಿದ ಆಲ್ಫ್ರೆಡ್ ಫಿಲಿಪ್, ಮೊದಲು ಅಸಲಿ ರತ್ನದ ಒಡವೆಗಳ ವಿನ್ಯಾಸಕಾರ. ಎರಡನೇ ಮಹಾಯುದ್ಧದಲ್ಲಿ ಅಗ್ಗದ ಲೋಹಗಳಿಗೆ ನಿರ್ಬಂಧ ಬಿದ್ದಾಗ ಕಂಪನಿ ಬೆಳ್ಳಿಗೇ ಚಿನ್ನದ ನೀರು ಕೊಟ್ಟಿತು. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆಪದಲ್ಲಿ ಒಡವೆಗಳ ಹೊಸ ಸರಣಿಯನ್ನೇ ತಂದಿತು. ಅರಮನೆಯ ಲಾಂಛನ ಸಾಮಾನ್ಯ ಹೆಂಗಸಿನ ಕೋಟಿನ ಮೇಲೂ ಏರಿತು.

ಕರಗಿಸಿದರೆ ಎಷ್ಟು ಗ್ರಾಂ ಎಂದಷ್ಟೇ ಒಡವೆಯನ್ನು ಅಳೆಯುವ ನಮ್ಮ ಚಟ ಹೋಗಬೇಕು. ಕಸುಬಿಗೆ ಬೆಲೆ ಕೊಡುವವರಿಗೆ ವ್ಯಾಪಾರಿಯೂ ನಿನ್ನೆ ಮಾಡಿದ್ದನ್ನು ಹಳೆಯದೆಂದು ಮಾರಬಾರದು. ಕೊಳ್ಳುವವರು ಮೊದಲು ಪಿನ್ ತಿರುಗಿಸಿ, ಹಿಂಬದಿಯಲ್ಲಿರುವ ತಯಾರಕರ ಮುದ್ರೆ ನೋಡಿ, ಆಮೇಲೆ ಚೌಕಾಸಿಗಿಳಿಯಲಿ.