ತೋಳಿನ ಅಳತೆ, ರಕ್ತದ ಲೆಕ್ಕ

"ಆರೋಗ್ಯ ಹೇಗಿದೆ?" ಎಂದು ನಮ್ಮ ಕಾಲೇಜಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಹುಡುಗರು ತಮ್ಮ ತೋಳು ನೋಡಿಕೊಳ್ಳುತ್ತಾರೆ. ನಾವು ಹುಡುಗಿಯರು ಮೊಡವೆ, ತೂಕದ ಮಾತು ತೆಗೆಯುತ್ತೇವೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು, ಮೂರನೇ ಪೀರಿಯಡ್ಡಿಗೇ ಕಣ್ಣು ಕತ್ತಲೆ ಕಟ್ಟುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2018ರಲ್ಲಿ 'ಕೆಜಿಎಫ್' ಸಿನಿಮಾ ಬಂದಾಗ ನಾವಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆವು. ನಮ್ಮ ಸೈನೈಡ್ ದಿಬ್ಬಗಳಲ್ಲಿ ಚಿತ್ರೀಕರಣವಾಯಿತೆಂಬ ಹೆಮ್ಮೆ ನನಗೂ ಇದೆ. ಆದರೆ ನಾಯಕನ ಎದೆ, ತೋಳು ನಮ್ಮ ಹುಡುಗರಿಗೆ ಅಳತೆಪಟ್ಟಿಯಾದವು. ಈಗ ಆ ಕೆಲಸವನ್ನು ರೀಲ್ಸ್ ಮಾಡುತ್ತಿದೆ. ತೆಳ್ಳಗಿದ್ದವನು 'ವೀಕು'. ಪ್ರೋಟೀನ್ ಪುಡಿಯ ಡಬ್ಬಕ್ಕೆ ದುಡ್ಡು ಕೂಡಿಡುವವರು ಮನೆಯ ಹುರುಳಿಸಾರು ಕಂಡರೆ ಮುಖ ತಿರುಗಿಸುತ್ತಾರೆ. ಹುರುಳಿಯಲ್ಲಿರುವುದೂ ಪ್ರೋಟೀನೇ ಎಂದರೆ ನಗುತ್ತಾರೆ.

ತೋಳು ನೋಡಿ ಆರೋಗ್ಯ ಹೇಳಲಾಗದು ಎಂಬುದು ಬೇರೆ ಊರಿನವರಿಗಿಂತ ನಮಗೆ ಚೆನ್ನಾಗಿ ಗೊತ್ತಿರಬೇಕಿತ್ತು. ನಮ್ಮ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಬಂಡೆ ಕೊರೆದವರಿಗೆ ಜಿಮ್ ಬೇಕಿರಲಿಲ್ಲ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆದದ್ದು ಹೊರಗೆ ಕಾಣಲೂ ಇಲ್ಲ. ನಮ್ಮ ಲೈನುಗಳಲ್ಲಿ ಈಗಲೂ ಅಗಲ ಭುಜದ ತಾತಂದಿರಿದ್ದಾರೆ, ನಲ್ಲಿಯಿಂದ ಮನೆಗೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಾರೆ.

ಹುಡುಗಿಯರದು ಬೇರೆ ಕಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು, ಹುಡುಗರಲ್ಲಿ ಶೇ. 31ರಷ್ಟು ಮಂದಿಗೆ ರಕ್ತಹೀನತೆ. ಐವರು ಕೂತ ಹುಡುಗಿಯರ ಬೆಂಚಿನಲ್ಲಿ ಮೂವರು ಎಂದುಕೊಳ್ಳಿ. ಆದರೂ "ಹೆಣ್ಣುಮಕ್ಕಳಿಗೆ ಸುಸ್ತು ಇದ್ದದ್ದೇ" ಎನ್ನುತ್ತಾರೆ, ನಾವೂ ನಂಬುತ್ತೇವೆ. ಸುತ್ತ ಇರುವವರೆಲ್ಲ ಸುಸ್ತಾಗಿದ್ದರೆ ಅದು ಕಾಯಿಲೆ ಎಂದು ಹೇಗೆ ಅನ್ನಿಸಬೇಕು?

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಹಿಡಿಯುವವರ ಮನೆಗಳಲ್ಲಿ ಎಷ್ಟೋ ದಿನ ಮಕ್ಕಳ ತಿಂಡಿ ಬನ್ನು, ಚಹಾ ಅಷ್ಟೇ. ಸಂಜೆಗೆ ಬಂಗಾರಪೇಟೆ ಪಾನಿಪುರಿ (ಅದನ್ನು ಬಿಡಿ ಎನ್ನುವಷ್ಟು ಕಲ್ಲುಮನಸ್ಸು ನನ್ನದಲ್ಲ). ಊಟದ ಜೊತೆಗೇ ಚಹಾ ಕುಡಿದರೆ ಅದರಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ, ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು. ನಮ್ಮ ಮನೆಯಲ್ಲಿ ಚಹಾ ಈಗ ಊಟವಾದ ಒಂದು ಗಂಟೆಯ ಮೇಲೆ, ಅಮ್ಮಿಯ ಗೊಣಗಾಟದ ಸಮೇತ.

ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆ ನೆನಪಿದೆಯೇ? 'ಉಷ್ಣ' ಎಂದು ಕಿಟಕಿಯಾಚೆ ಎಸೆದವರೇ ಹೆಚ್ಚು. ಅದರಲ್ಲಿದ್ದದ್ದು 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು, ಅದಕ್ಕೇ ಊಟದ ನಂತರ ಕೊಡುವುದು.

ನಮ್ಮ ಪ್ರಿನ್ಸಿಪಾಲರಲ್ಲಿ ನನ್ನದೊಂದು ಕೋರಿಕೆ. ಪ್ರತಿ ವರ್ಷ ಕ್ರೀಡಾಕೂಟಕ್ಕೆ ಮೊದಲು ಎಲ್ಲರಿಗೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ನಮ್ಮ ವಯಸ್ಸಿನ ಹುಡುಗಿಯರಿಗೆ 12, ಹುಡುಗರಿಗೆ 13 ಗ್ರಾಂಗಿಂತ ಕಡಿಮೆ ಬಂದರೆ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಕಳಿಸಿ. ಫಲಿತಾಂಶ ಮಾತ್ರ ನೋಟಿಸ್ ಬೋರ್ಡಿಗೆ ಬೇಡ, ಚೀಟಿಯಲ್ಲಿ ಬರೆದು ಅವರವರ ಕೈಗೇ ಕೊಡಿ. ಜಿಮ್ ಹುಡುಗರನ್ನು ಸಾಲಿನಲ್ಲಿ ಮೊದಲು ನಿಲ್ಲಿಸಿ.