ಕಾನೂನು ಕಲಿಕೆಯಲ್ಲಿ ಬರವಣಿಗೆಯ ಪಾಲು

ಕನ್ನಡ ಮಾಧ್ಯಮದ ಮಕ್ಕಳು ಕಾನೂನು ಪದವಿಗೆ ಹಿಂಜರಿಯುವುದು ಬಹುಮಟ್ಟಿಗೆ ಇಂಗ್ಲಿಷಿನ ಅಂಜಿಕೆಯಿಂದ. ಅಂಜಿಕೆ ನಿರಾಧಾರವಲ್ಲ, ಸಂವಿಧಾನದ 348ನೆಯ ವಿಧಿಯಂತೆ ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳ ಭಾಷೆ ಸಾಮಾನ್ಯವಾಗಿ ಇಂಗ್ಲಿಷೇ. ಆದರೆ ವಿದ್ಯಾರ್ಥಿಯಿಂದ ಅಪೇಕ್ಷಿಸುವುದು ಆಡಂಬರದ ಇಂಗ್ಲಿಷನ್ನಲ್ಲ, ಕ್ರಮಬದ್ಧ ಬರವಣಿಗೆಯನ್ನು.

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಲ್ಲಿ ಇದಕ್ಕೆ ಅಂಕಗಳೇ ನಿಗದಿಯಾಗಿವೆ. ಕರಡು ರಚನೆಯ ಕಡ್ಡಾಯ ಪತ್ರಿಕೆಯಲ್ಲಿ ದಾವಾಪತ್ರ, ಅರ್ಜಿ ಮೊದಲಾದ 15 ಅಭ್ಯಾಸಗಳಿಗೆ 45 ಅಂಕ. ಕ್ರಯಪತ್ರ, ಅಡಮಾನಪತ್ರ, ಉಯಿಲು ಮೊದಲಾದ 15 ಅಭ್ಯಾಸಗಳಿಗೆ 45 ಅಂಕ. ಮೌಖಿಕ ಪರೀಕ್ಷೆಗೆ 10. ಅಣಕು ನ್ಯಾಯಾಲಯದಲ್ಲಿಯೂ ಲಿಖಿತ ವಾದಕ್ಕೆ ಮಾತಿನ ವಾದದಷ್ಟೇ ಅಂಕ.

ಬರೆಯುವ ಮೊದಲು ಶೋಧ ಬೇಕು. ಸಂಗತಿಗಳನ್ನು ವಿಂಗಡಿಸಬೇಕು, ವಿವಾದಾಂಶವನ್ನು ಗುರುತಿಸಬೇಕು, ಅನ್ವಯಿಸುವ ಕಲಮನ್ನು ಹುಡುಕಬೇಕು, ಆಧಾರವಾಗಿ ಹಿಡಿದ ತೀರ್ಪು ಈಗಲೂ ಊರ್ಜಿತದಲ್ಲಿದೆಯೇ ಎಂದು ನೋಡಬೇಕು. ಈ ಶಿಸ್ತಿಗೆ ಬುನಾದಿಯನ್ನು ಪ್ರೌಢಶಾಲೆಯ ಕನ್ನಡ ತರಗತಿಯಲ್ಲೇ ಹಾಕಬಹುದು: ಒಂದು ಪಾಠವನ್ನು ಹತ್ತು ಸಾಲುಗಳಿಗೆ ಇಳಿಸುವುದು, ಒಂದು ಮನವಿಯನ್ನು ತಪ್ಪಿಲ್ಲದೆ ಬರೆಯುವುದು. ಇಂಗ್ಲಿಷನ್ನು ಅದರ ಜೊತೆಗೇ ಬೆಳೆಸಿಕೊಳ್ಳಬೇಕು.

1956ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡಿನಲ್ಲಿ ಹಳೆಯ ಜಮೀನು ದಸ್ತಾವೇಜುಗಳು ಇಂದಿಗೂ ಕನ್ನಡದಲ್ಲಿವೆ. ಅವನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ವಕೀಲರು ನಾಳೆಯೂ ಬೇಕು; ಅವರು ಇಂದಿನ ಕನ್ನಡ ಶಾಲೆಗಳಿಂದಲೇ ಬರಬೇಕು.